ಫೋಲ್ಡ್‌ಸ್ಕೋಪ್: ಉಪ್ಪುನೀರಿನ ಟ್ಯಾಂಕಿನ ಪಾಚಿ ಗುರುತಿಸೋಕೆ ಕಾಗದದ ಮೈಕ್ರೋಸ್ಕೋಪ್ ಸಾಕಾ?

ಸಾಕು. ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟ ಹೆಚ್ಚಿನವರಿಗೆ ಇಷ್ಟು ಸಾಕು. ಪಾಚಿ ಕೊಲ್ಲುವ ಬಾಟಲಿಗೆ ದುಡ್ಡು ಹಾಕುವ ಮೊದಲು ಇದಕ್ಕೆ ಹಾಕಿ ಅಂತಲೇ ನಾನು ಹೇಳುತ್ತೇನೆ. ಐದಕ್ಕೆ ನಾಲ್ಕು ಸ್ಟಾರ್. ಒಂದು ಸ್ಟಾರ್ ಯಾಕೆ ಕಡಿಮೆ ಅನ್ನೋದು ಕೆಳಗೆ ಬರುತ್ತದೆ.

ನಮ್ಮ ಕಾರವಾರದಲ್ಲಿ ಮರೀನ್ ಟ್ಯಾಂಕ್ ಇಟ್ಟವರನ್ನು ಹುಡುಕಬೇಕು. ಸಮುದ್ರ ಬಾಗಿಲಲ್ಲೇ ಇರುವಾಗ ಅದನ್ನು ಮತ್ತೆ ಗಾಜಿನ ಪೆಟ್ಟಿಗೆಯಲ್ಲಿ ಯಾಕೆ ಇಡಬೇಕು ಅಂತ ಕೇಳುವವರೇ ಜಾಸ್ತಿ. ಹಾಗಾಗಿ ಪಾಚಿ ಬಂದರೆ ಬಂದು ನೋಡಿ ಹೇಳುವವರು ಹತ್ತಿರದಲ್ಲಿ ಯಾರೂ ಸಿಗುವುದಿಲ್ಲ. ದೂರದ ಅಂಗಡಿಗೆ ಫೋನಿನಲ್ಲಿ ಫೋಟೋ ಕಳಿಸಿದರೆ "ಸರ್, ಅದು ಬ್ರೌನ್ ಆಲ್ಗೆ, ಈ ಬಾಟಲಿ ಹಾಕಿ" ಅನ್ನುವ ಉತ್ತರ ಬರುತ್ತದೆ, ಎರಡು ದಿನ ಬಿಟ್ಟು ಕೊರಿಯರ್ ಬರುತ್ತದೆ, ಬಾಟಲಿಯ ಮೇಲೆ ಒಳಗೇನಿದೆ ಅಂತ ಒಂದಕ್ಷರ ಬರೆದಿರುವುದಿಲ್ಲ. ಅಂಥದ್ದೊಂದು ನನ್ನ ಕಪಾಟಿನಲ್ಲಿ ಈಗಲೂ ಇದೆ. ಹೆಸರು ಬೇಡ ಬಿಡಿ. ಅದನ್ನು ಹಾಕಿದ ಮೇಲೆ ಪಾಚಿ ಹಾಗೇ ಇತ್ತು, ಬಸವನಹುಳು ಮಾತ್ರ ಸತ್ತವು.

ಫೋಟೋ ನೋಡಿ ಹೇಳುವುದು ಯಾಕೆ ಆಗುವುದಿಲ್ಲ ಅಂದರೆ, ಮರಳಿನ ಮೇಲೆ ಕಂದು ಪದರ ಬಂತು ಅಂದುಕೊಳ್ಳಿ. ಅದು ಡಯಾಟಮ್, ಅಂದರೆ ಗಾಜಿನಂಥ ಚಿಪ್ಪಿರುವ ಒಂಟಿ ಜೀವಕೋಶದ ಪಾಚಿ, ಆಗಿರಬಹುದು. ಡೈನೋಫ್ಲಾಜೆಲೇಟ್, ಅಂದರೆ ನಾವು ಡೈನೋ ಅನ್ನುವ, ಓಡಾಡುವ ಒಂಟಿ ಜೀವಕೋಶದ ಜೀವಿ, ಅದಾಗಿರಬಹುದು. ಪಾಚಿಯ ಹಾಗೆ ಬೆಳೆಯುವ ಬ್ಯಾಕ್ಟೀರಿಯಾ, ಅಂದರೆ ಸಯನೋಬ್ಯಾಕ್ಟೀರಿಯಾ ಕೂಡ ಆಗಿರಬಹುದು, ಸಯನೋ ಯಾವಾಗಲೂ ಕೆಂಪಾಗಿಯೇ ಇರಬೇಕು ಅಂತೇನಿಲ್ಲ. ಡಯಾಟಮ್ ಆದರೆ ಹೆಚ್ಚೇನೂ ಮಾಡಬೇಕಿಲ್ಲ, ಹೊಸ ಟ್ಯಾಂಕಿನ ನೀರಿನಲ್ಲಿ ಕರಗಿರುವ, ಅದರ ಚಿಪ್ಪಿಗೆ ಬೇಕಾದ ಸಿಲಿಕೇಟ್ ಮುಗಿದ ಮೇಲೆ ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ. ಸಯನೋ ಆದರೆ ಮರಳಿನ ಕೊಳೆ ಎಳೆದು ತೆಗೆಯಬೇಕು, ನೀರಿನ ಓಟ ಹೆಚ್ಚಿಸಬೇಕು. ಡೈನೋ ಆದರೆ ಎಲ್ಲ ಉಲ್ಟಾ. ನೈಟ್ರೇಟ್, ಫಾಸ್ಫೇಟ್ ಸೊನ್ನೆಗೆ ಇಳಿದ ಟ್ಯಾಂಕಿನಲ್ಲೇ ಅದು ಹೆಚ್ಚಾಗಿ ತಲೆ ಎತ್ತುವುದು. ಅದನ್ನು ಸಾಮಾನ್ಯ ಪಾಚಿ ಅಂದುಕೊಂಡು ನೀರು ಬದಲಾಯಿಸಿ, ಫಾಸ್ಫೇಟ್ ಹೀರುವ ಕಬ್ಬಿಣದ ಮೀಡಿಯಾ ಹಾಕಿ, ಮೀನಿಗೆ ತಿಂಡಿ ಕಡಿಮೆ ಮಾಡಿದರೆ ಡೈನೋಗೆ ಇನ್ನೂ ಅನುಕೂಲ ಮಾಡಿಕೊಟ್ಟ ಹಾಗೆ. ಮೂರೂ ಬರಿಗಣ್ಣಿಗೆ ಕಂದು. ಮದ್ದು ಮಾತ್ರ ಒಂದಕ್ಕೊಂದು ವಿರುದ್ಧ.

ಇದನ್ನು ಬಿಡಿಸಿ ಹೇಳೋಕೆ ಮೈಕ್ರೋಸ್ಕೋಪ್ ಬೇಕೇ ಬೇಕು. ಆನ್‌ಲೈನ್‌ನಲ್ಲಿ 1200 ಪಟ್ಟು ಅಂತ ಬರೆದ ಪ್ಲಾಸ್ಟಿಕ್ ಆಟಿಕೆಗಳು ಸಿಗುತ್ತವೆ, ಅವುಗಳಲ್ಲಿ ಮಬ್ಬು ಬಿಟ್ಟು ಬೇರೇನೂ ಕಾಣುವುದಿಲ್ಲ. ಕಂಪ್ಯೂಟರಿಗೆ ಚುಚ್ಚುವ ಯುಎಸ್‌ಬಿ ಕ್ಯಾಮೆರಾಗಳು ಮೊಬೈಲ್ ರಿಪೇರಿಗೆ ಸರಿ, ಜೀವಕೋಶ ನೋಡೋಕೆ ಅಲ್ಲ. ಕಾಲೇಜಿನಲ್ಲಿ ಇರುವಂಥ ಕಾಂಪೌಂಡ್ ಮೈಕ್ರೋಸ್ಕೋಪ್ ಬೆಸ್ಟ್, ಆದರೆ ಅದಕ್ಕೆ ಸಾವಿರಗಟ್ಟಲೆ ಬೇಕು, ಅದೂ ಅಲ್ಲದೆ ನಮ್ಮ ಕರಾವಳಿ ಗಾಳಿಯಲ್ಲಿ ಮಳೆಗಾಲ ಬಂತೆಂದರೆ ಲೆನ್ಸಿಗೆ ಬೂಸ್ಟು ಹಿಡಿಯುತ್ತದೆ.

ಫೋಲ್ಡ್‌ಸ್ಕೋಪ್ ಈ ಆಟಿಕೆಗಳಿಗೂ ಕಾಲೇಜಿನ ಮೈಕ್ರೋಸ್ಕೋಪಿಗೂ ನಡುವೆ ಬರುತ್ತದೆ. ಮೀರತ್‌ನಲ್ಲಿ ಹುಟ್ಟಿ ಐಐಟಿ ಕಾನ್ಪುರದಲ್ಲಿ ಓದಿದ ಮನು ಪ್ರಕಾಶ್ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಜಿಮ್ ಸಿಬಲ್‌ಸ್ಕಿ ಜೊತೆ ಸೇರಿ ಮಾಡಿದ್ದು. 2014ರಲ್ಲಿ ಪ್ಲಾಸ್ ಒನ್ ಪತ್ರಿಕೆಯಲ್ಲಿ ಇದರ ವಿವರ ಬಂತು. ಬಿಡಿಭಾಗಗಳ ಖರ್ಚು ಒಂದು ಡಾಲರಿಗಿಂತ ಕಡಿಮೆ ಇರಬೇಕು, ಮಲೇರಿಯಾದಂಥ ರೋಗ ಇರುವ ಹಳ್ಳಿಗಳಿಗೂ ಮೈಕ್ರೋಸ್ಕೋಪ್ ತಲುಪಬೇಕು ಅನ್ನೋದು ಅವರ ಲೆಕ್ಕ. ನಮ್ಮ ಮೀನಿನ ಹುಚ್ಚಿಗಾಗಿ ಮಾಡಿದ್ದಲ್ಲ, ಆದರೂ ನಮಗೆ ಚೆನ್ನಾಗಿ ಒದಗುತ್ತದೆ. ಮಾಮೂಲಿ ಮಾದರಿ 140 ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ, ಸುಮಾರು 2 ಮೈಕ್ರಾನ್‌ವರೆಗಿನ ವಿವರ ಸಿಗುತ್ತದೆ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು). ಟ್ಯಾಂಕಿನ ಡೈನೋಗಳು 20ರಿಂದ 100 ಮೈಕ್ರಾನ್ ಆಚೀಚೆ ಇರುವುದರಿಂದ ಇಷ್ಟು ಧಾರಾಳ.

ಚಪ್ಪಟೆ ಹಾಳೆಯಾಗಿ ಬರುತ್ತದೆ. ತುಂಡುಗಳನ್ನು ಬಿಡಿಸಿ, ಬಣ್ಣ ನೋಡಿ ಮಡಚಿ, ಒಂದರೊಳಗೆ ಒಂದು ತೂರಿಸಬೇಕು. ನಮ್ಮಲ್ಲಿ ಆ ಕೆಲಸ ಮಾಡಿದ್ದು ಪಿಯುಸಿ ಓದುವ ಅಕ್ಕನ ಮಗಳು, ನನ್ನ ಬೆರಳಿಗೆ ಅಷ್ಟು ತಾಳ್ಮೆ ಇಲ್ಲ. ಕಾಗದಕ್ಕೆ ನೀರು ತಾಗಿದರೆ ಹಾಳಾಗುವುದಿಲ್ಲ, ಒರೆಸಿದರೆ ಆಯಿತು. ಫೋನಿನ ಕ್ಯಾಮೆರಾಕ್ಕೆ ಒಂದು ಸಣ್ಣ ಮ್ಯಾಗ್ನೆಟ್ ಉಂಗುರ ಅಂಟಿಸಿಕೊಂಡರೆ ಫೋಲ್ಡ್‌ಸ್ಕೋಪ್ ಅದಕ್ಕೇ ಕಚ್ಚಿಕೊಳ್ಳುತ್ತದೆ, ಆಮೇಲೆ ಎಲ್ಲ ಸ್ಕ್ರೀನಿನ ಮೇಲೆ. ಕಣ್ಣಿಗೆ ಹಿಡಿದು ನೋಡುವುದಕ್ಕಿಂತ ಇದೇ ಸುಲಭ, ವಿಡಿಯೋ ಕೂಡ ಮಾಡಬಹುದು. ಡೈನೋ ಗುರುತು ಹಿಡಿಯೋಕೆ ವಿಡಿಯೋ ಬೇಕು. ಯಾಕೆ ಅಂದರೆ ಅಲ್ಲಿ ಆಕಾರಕ್ಕಿಂತ ನಡಿಗೆ ಮುಖ್ಯ.

ಸ್ಯಾಂಪಲ್ ತೆಗೆಯುವ ರೀತಿಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಕಿಟ್‌ನ ಕಾಗದದಲ್ಲಿ ಉಪ್ಪುನೀರಿನ ಬಗ್ಗೆ ಏನೂ ಇಲ್ಲ. ಸೂಜಿ ಇಲ್ಲದ ಸಿರಿಂಜ್ ತೆಗೆದುಕೊಳ್ಳಿ. ಮಧ್ಯಾಹ್ನದ ಹೊತ್ತು, ಲೈಟ್ ಹತ್ತಿ ಕೆಲವು ಗಂಟೆ ಆದ ಮೇಲೆ, ಪದರ ದಪ್ಪಗಿರುವ ಕಡೆ ಮೆಲ್ಲಗೆ ಎಳೆಯಿರಿ. ಮರಳು ಬಂದರೆ ಒಂದು ಲೋಟದಲ್ಲಿ ಬಿಟ್ಟು ತಳಕ್ಕೆ ಕೂರಲಿ, ಮೇಲಿನ ಕಂದು ನೀರು ಮಾತ್ರ ಸಾಕು, ಒಂದು ಮರಳಿನ ಕಣ ಸ್ಲೈಡಿನಲ್ಲಿ ಸಿಕ್ಕಿದರೂ ಫೋಕಸ್ ಆಗುವುದಿಲ್ಲ. ನೀರು ಕಡಿಮೆ ಆಯಿತು ಅಂತ ನಲ್ಲಿ ನೀರು ಸೇರಿಸಬೇಡಿ. ಸಿಹಿನೀರು ತಾಗಿದ ಕೂಡಲೇ ಸಮುದ್ರದ ಜೀವಕೋಶಗಳು ಉಬ್ಬಿ ಒಡೆಯುತ್ತವೆ, ಓಡಾಡುತ್ತಿದ್ದದ್ದು ನಿಲ್ಲುತ್ತದೆ, ಆಮೇಲೆ ನಡಿಗೆ ನೋಡೋದು ಎಲ್ಲಿಂದ? ಟ್ಯಾಂಕಿನ ನೀರೇ ಬಳಸಿ. ಒಂದೇ ಹನಿ, ಮೇಲೆ ಪಾರದರ್ಶಕ ಟೇಪು. ಬೇಗ ನೋಡಿ, ನೀರು ಆರಿದರೆ ಉಪ್ಪಿನ ಚೌಕಗಳು ಮೂಡುತ್ತವೆ, ಹೊಸಬರು ಅದನ್ನೇ ಏನೋ ಜೀವಿ ಅಂದುಕೊಳ್ಳುತ್ತಾರೆ.

ಇನ್ನು ಏನು ಕಾಣುತ್ತದೆ ಅನ್ನೋದಕ್ಕೆ ಬರೋಣ.

ಡಯಾಟಮ್ ಆದರೆ ಹೊಂಬಣ್ಣದ ಕಡ್ಡಿಗಳು, ದೋಣಿ ಆಕಾರ, ಕೆಲವು ಪೆಟ್ಟಿಗೆ ಪೆಟ್ಟಿಗೆ ಜೋಡಿಸಿದ ಸರ. ಗಾಜಿನಂಥ ಗಟ್ಟಿ ಅಂಚು, ಅದು ನಿಜವಾಗಿ ಸಿಲಿಕಾ ಚಿಪ್ಪು. ಕೆಲವು ಜಾತಿ ನಿಧಾನವಾಗಿ ನೇರ ಜಾರುತ್ತವೆ, ಹಾಗೇ ಹಿಂದಕ್ಕೂ ಬರುತ್ತವೆ. ಗಿರಗಿರ ತಿರುಗುವುದಿಲ್ಲ.

ಸಯನೋ ಆದರೆ ಉದ್ದ ಎಳೆಗಳು, ಪ್ರತಿ ಎಳೆಯಲ್ಲೂ ತೆಳು ಬಿಲ್ಲೆಗಳನ್ನು ಒತ್ತಿ ಜೋಡಿಸಿದಂತೆ ಅಡ್ಡಗೆರೆ. ಎಳೆಗಳು ಮೆಲ್ಲಗೆ ಹರಿದಾಡುತ್ತವೆ. ಸ್ಪ್ರಿಂಗಿನ ಹಾಗೆ ಸುರುಳಿ ಕಂಡರೆ ಅದು ಸ್ಪಿರುಲಿನಾ ಗುಂಪಿನದು, ಅದೂ ಸಯನೋನೇ. ಬರಿಗಣ್ಣಿಗೆ ಇದು ಹಾಳೆಯ ಹಾಗೆ ಎದ್ದು ಬರುತ್ತದೆ, ಕೈಯಲ್ಲಿ ತೆಗೆದರೆ ವಾಸನೆ.

ಡೈನೋ ಕಂಡರೆ ಅನುಮಾನವೇ ಉಳಿಯುವುದಿಲ್ಲ. "ಮಾವಾ, ಇದು ನಿಲ್ತಾನೇ ಇಲ್ಲ, ಗಿರಗಿರ ತಿರುಗ್ತಾ ಇದೆ" ಅಂದಳು ಹುಡುಗಿ. ನೋಡಿದರೆ ಒಂದು ಕಡೆ ಚೂಪಾದ ಹನಿ ಆಕಾರ, ಕಾಣದ ದಾರದಿಂದ ಕಟ್ಟಿ ಹಾಕಿದಂತೆ ಒಂದೇ ಜಾಗದ ಸುತ್ತ ಸುತ್ತುತ್ತಿತ್ತು. ಅದು ಆಸ್ಟ್ರಿಯಾಪ್ಸಿಸ್. ಇನ್ನೊಂದು ಆಂಫಿಡಿನಿಯಂ, ಅದು ಮೊಟ್ಟೆ ಆಕಾರ, ಮುಂದೆ ಸಣ್ಣ ಕೊಕ್ಕು, ಕಟ್ಟುಪಾಡಿಲ್ಲದೆ ಎಲ್ಲ ಕಡೆ ಜಾರುತ್ತದೆ. ಪ್ರೊರೊಸೆಂಟ್ರಮ್ ಆದರೆ ಅಂಡಾಕಾರದ ನಡುವೆ ಒಂದು ಚುಕ್ಕೆ. ಚಳಿಗಾಲದ ಮುಂಚೆ ನಮ್ಮ ಕರಾವಳಿಯಲ್ಲಿ ಕೆಲವು ರಾತ್ರಿ ಅಲೆ ನೀಲಿಯಾಗಿ ಮಿಂಚುತ್ತದಲ್ಲ, ಅದನ್ನು ಮಾಡುವ ನಾಕ್ಟಿಲೂಕಾ ಕೂಡ ಇದೇ ಡೈನೋ ಗುಂಪಿನದು. ಒಂದು ಬಾಟಲಿ ಆ ನೀರು ತಂದು ಫೋಲ್ಡ್‌ಸ್ಕೋಪಿನಲ್ಲಿ ನೋಡಿ, ಕೊಟ್ಟ ದುಡ್ಡು ಅಲ್ಲಿಗೇ ವಸೂಲಿ.

ಡೈನೋದಲ್ಲಿ ಯಾವ ಜಾತಿ ಅಂತ ತಿಳಿದರೆ ಏನು ಲಾಭ ಅಂತ ಕೇಳಬಹುದು. ದೊಡ್ಡ ಲಾಭ ಇದೆ. ಆಸ್ಟ್ರಿಯಾಪ್ಸಿಸ್ ರಾತ್ರಿ ಮರಳು, ಕಲ್ಲು ಬಿಟ್ಟು ನೀರಿಗೆ ಏಳುತ್ತದೆ, ಹಾಗಾಗಿ ಟ್ಯಾಂಕಿನಿಂದಲೇ ನೀರು ಎಳೆದು ಟ್ಯಾಂಕಿಗೇ ಬಿಡುವಂತೆ ಯುವಿ ಲ್ಯಾಂಪ್ ಜೋಡಿಸಿದರೆ ಅಲ್ಲಿ ಸಿಕ್ಕಿ ಸಾಯುತ್ತದೆ. ಆಂಫಿಡಿನಿಯಂ ಮರಳು ಬಿಟ್ಟು ಏಳುವುದೇ ಇಲ್ಲ. ಅದಕ್ಕೆ ಯುವಿ ತಂದರೆ ಸುಮ್ನೆ ಕರೆಂಟ್ ಬಿಲ್ಲು. ಅಲ್ಲಿ ಕೆಲವರು ಸಿಲಿಕೇಟ್ ಹಾಕಿ ಬೇಕಂತಲೇ ಡಯಾಟಮ್ ಬೆಳೆಸಿ ಅದರಿಂದ ಡೈನೋವನ್ನು ಒತ್ತರಿಸುತ್ತಾರೆ. ಎರಡಕ್ಕೂ ಸಾಮಾನ್ಯವಾದ ಮದ್ದು ನೈಟ್ರೇಟ್ 5ರಿಂದ 10 ಪಿಪಿಎಂ (ಅಂದರೆ ಲೀಟರಿಗೆ ಇಷ್ಟು ಮಿಲಿಗ್ರಾಂ), ಫಾಸ್ಫೇಟ್ 0.05ರಿಂದ 0.1 ಪಿಪಿಎಂ ಹತ್ತಿರ ಹಿಡಿದು ನಿಲ್ಲಿಸೋದು, ಮೀನಿಗೆ ಹೊಟ್ಟೆ ತುಂಬ ಹಾಕೋದು, ನೀರು ಬದಲಾಯಿಸೋದು ಸ್ವಲ್ಪ ಕಾಲ ನಿಲ್ಲಿಸೋದು. ಇನ್ನೊಂದು ಮಾತು: ಆಸ್ಟ್ರಿಯಾಪ್ಸಿಸ್ ವಿಷ ಮಾಡುತ್ತದೆ. 2005ರಲ್ಲಿ ಇಟಲಿಯ ಜಿನೋವಾ ಕರಾವಳಿಯಲ್ಲಿ ಇದು ವಿಪರೀತ ಬೆಳೆದಾಗ ಸುಮಾರು 200 ಜನ ಜ್ವರ, ಕೆಮ್ಮು, ಉಸಿರಾಟದ ತೊಂದರೆಯಿಂದ ಆಸ್ಪತ್ರೆಗೆ ಹೋಗಿದ್ದರು. ಟ್ಯಾಂಕಿನಲ್ಲಿ ಅಷ್ಟು ಭಯ ಬೇಡ, ಆದರೆ ಬಾಯಿಯಲ್ಲಿ ಪೈಪ್ ಎಳೆದು ನೀರು ಇಳಿಸುವ ಅಭ್ಯಾಸ ಇದ್ದವರು ಬಿಡಿ, ಕೈಯನ್ನು ಸೋಪು ಹಾಕಿ ತೊಳೆಯಿರಿ.

ಹಸಿರು ಪಾಚಿಯಲ್ಲೂ ಇದು ದುಡ್ಡು ಉಳಿಸುತ್ತದೆ. ಕೂದಲಿನಂಥ ಹಸಿರು ಬೆಳೆದರೆ ಎಲ್ಲರೂ ಹೇರ್ ಆಲ್ಗೆ ಅನ್ನುತ್ತಾರೆ. ಒಂದು ಎಳೆ ಕಿತ್ತು ನೋಡಿ. ಎಳೆಯ ಉದ್ದಕ್ಕೂ ಅಡ್ಡಗೋಡೆಗಳಿಲ್ಲದೆ ಒಂದೇ ಕೊಳವೆ ಕಂಡರೆ ಡರ್ಬೇಸಿಯಾ ಇರಬಹುದು, ಅದೇ ಕೊಳವೆಗೆ ಎರಡೂ ಕಡೆ ಪುಕ್ಕದಂತೆ ಕವಲಿದ್ದರೆ ಬ್ರಯಾಪ್ಸಿಸ್. ಗಣ್ಣು ಗಣ್ಣಾಗಿ ಅಡ್ಡಗೋಡೆ ಕಂಡರೆ ಕ್ಲಾಡೊಫೊರಾದಂಥ ಬೇರೆ ಗುಂಪು. ಈ ವ್ಯತ್ಯಾಸ ಯಾಕೆ ಬೇಕು ಅಂದರೆ ಫ್ಲುಕೊನಜೋಲ್. ಹೌದು, ಮನುಷ್ಯರಿಗೆ ಫಂಗಸ್ ಆದಾಗ ಕೊಡುವ ಅದೇ ಮಾತ್ರೆ. ಬ್ರಯಾಪ್ಸಿಸ್, ಡರ್ಬೇಸಿಯಾ ಮೇಲೆ ಅದು ಕೆಲಸ ಮಾಡುತ್ತದೆ ಅನ್ನೋದು ಹವ್ಯಾಸಿಗಳ ಅನುಭವ, ಅಡ್ಡಗೋಡೆ ಇರುವ ಗುಂಪಿನ ಮೇಲೆ ನಂಬಿಕೆ ಇಡುವಂತಿಲ್ಲ. ಬಳಕೆಯಲ್ಲಿರುವ ಅಳತೆ ಒಂದು ಅಮೆರಿಕನ್ ಗ್ಯಾಲನ್‌ಗೆ 20 ಮಿಲಿಗ್ರಾಂ, ಅಂದರೆ ನಮ್ಮ 150 ಮಿಲಿಗ್ರಾಂ ಮಾತ್ರೆ ಒಂದು ಸುಮಾರು 28 ಲೀಟರಿಗೆ. ಮದ್ದನ್ನು ಹೀರಿಬಿಡುವ ಫಿಲ್ಟರಿನ ಕಾರ್ಬನ್ ತೆಗೆದಿಡಬೇಕು, ಎರಡು ವಾರ ಕಾಯಬೇಕು. ಚೀಟಿ ಇಲ್ಲದೆ ಮೆಡಿಕಲ್‌ನವರು ಕೊಡಬಾರದ ಮಾತ್ರೆ ಅದು, ಜಗಳ ಮಾಡಬೇಡಿ. ಪಾಚಿ ಒಮ್ಮೆಲೇ ಸತ್ತು ಕೊಳೆತರೆ ನೀರಿನ ಆಕ್ಸಿಜನ್ ಇಳಿಯುತ್ತದೆ, ಆದ್ದರಿಂದ ಮೊದಲು ಕೈಯಲ್ಲಿ ಕಿತ್ತಷ್ಟು ಕಿತ್ತು ಆಮೇಲೆ ಮದ್ದು. ಜೂನ್, ಜುಲೈನಲ್ಲಿ ನಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ, ಬ್ಯಾಟರಿ ಏರ್ ಪಂಪ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ.

ಮೆಡಿಕಲ್ ಮಾತು ಬಂತಲ್ಲ, ಹೈಡ್ರೋಜನ್ ಪೆರಾಕ್ಸೈಡ್ ಬಗ್ಗೆಯೂ ಹೇಳಿಬಿಡುತ್ತೇನೆ. ಕಲ್ಲನ್ನು ಹೊರಗೆ ತೆಗೆದು ಪಾಚಿ ಇರುವ ಕಡೆ ಮಾತ್ರ ಹನಿಸಿ, ಕೆಲವು ನಿಮಿಷ ಬಿಟ್ಟು, ಟ್ಯಾಂಕಿನ ನೀರಿನಲ್ಲಿ ತೊಳೆದು ವಾಪಸ್ ಇಡೋದು, ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಅಮೆರಿಕದವರು ಹೇಳುವ ಲೆಕ್ಕ 3% ದ್ರಾವಣಕ್ಕೆ. ನಮ್ಮ ಮೆಡಿಕಲ್‌ಗಳಲ್ಲಿ ಸಾಮಾನ್ಯವಾಗಿ ಸಿಗುವುದು 6%. ಲೇಬಲ್ ಓದಿ ಅರ್ಧ ಮಾಡಿಕೊಳ್ಳಿ.

ಹಸಿರು ಗುಂಡು ಗುಳ್ಳೆಗಳಿಗೆ ಮೈಕ್ರೋಸ್ಕೋಪ್ ಬೇಡವೇ ಬೇಡ. ಅದು ವಲೋನಿಯಾ, ಆ ಒಂದು ಗುಳ್ಳೆಯೇ ಒಂದು ಜೀವಕೋಶ, ಬರಿಗಣ್ಣಿಗೇ ಕಾಣುತ್ತದೆ. ಒಡೆಯದೆ ಬುಡದಿಂದ ಎಬ್ಬಿಸಿ ತೆಗೆಯಿರಿ.

ಈಗ ನಮ್ಮೂರಿನ ನೀರಿನ ವಿಷಯ. ಇದಿಲ್ಲದೆ ಪಾಚಿಯ ಕಥೆ ಮುಗಿಯುವುದಿಲ್ಲ. ಟ್ಯಾಗೋರ್ ಬೀಚಿನಲ್ಲಿ ಕೊಡ ಅದ್ದಿ ನೀರು ತಂದು ಟ್ಯಾಂಕಿಗೆ ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ಒಂದು ಕಡೆ ಕಾಳಿ ನದಿ ಬಂದು ಸೇರುತ್ತದೆ, ಇನ್ನೊಂದು ಕಡೆ ಬೈತಖೋಲ ಬಂದರು. ಮಳೆಗಾಲದಲ್ಲಿ ಘಟ್ಟದ ಮೇಲಿನ ನೀರೆಲ್ಲ ಕಾಳಿಯಲ್ಲಿ ಇಳಿದು ಬಂದು ದಡದ ನೀರಿನ ಉಪ್ಪು ಕಡಿಮೆ ಆಗುತ್ತದೆ, ಜೊತೆಗೆ ಕೆಸರು, ಸಿಲಿಕೇಟ್. ನದಿ ತರುವ ಸಿಲಿಕೇಟೇ ಡಯಾಟಮ್‌ಗೆ ಊಟ. ಬಂದರಿನ ಎಣ್ಣೆ ಬೇರೆ. ಬೇಸಿಗೆಯಲ್ಲಿ, ಪರಿಚಯದ ದೋಣಿಯವರ ಹತ್ತಿರ ದೂರದ ಸ್ವಚ್ಛ ನೀರು ತರಿಸಿಕೊಳ್ಳುವವರೂ ಇದ್ದಾರೆ, ಅದು ಬೇರೆ ಮಾತು. ನನ್ನ ಕೇಳಿದರೆ ಮರೀನ್ ಟ್ಯಾಂಕಿಗೆ ಅಂತಲೇ ಸಿಗುವ ಉಪ್ಪಿನ ಪುಡಿ ಮತ್ತು ಉಳಿದ ಲವಣ ಹೀರುವ ಡಿಐ ರೆಸಿನ್ ಇರುವ ಆರ್‌ಒ ಸಾಕು, ಉಪ್ಪಿನ ಸಾಂದ್ರತೆ ನೋಡುವ ಹೈಡ್ರೋಮೀಟರಿನಲ್ಲಿ 1.025 ಆಸುಪಾಸು. ಅಡುಗೆಮನೆಯ ಆರ್‌ಒ ಸಾಲುವುದಿಲ್ಲ, ರುಚಿಗೆ ಅಂತ ಅದರಲ್ಲಿ ಲವಣ ಬಿಟ್ಟಿರುತ್ತಾರೆ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸಿದರೂ ಸಿಲಿಕೇಟ್ ಇಲ್ಲ ಅಂತಲ್ಲ, ಸಿಲಿಕಾ ಆ ಮೀಟರಿಗೆ ಸರಿಯಾಗಿ ಸಿಗುವುದಿಲ್ಲ. ಡಯಾಟಮ್ ಹೋಗಿ ಹೋಗಿ ಮತ್ತೆ ಬಂದರೆ ರೆಸಿನ್ ಬದಲಾಯಿಸಿ ನೋಡಿ. ಫೋಲ್ಡ್‌ಸ್ಕೋಪಿನಲ್ಲಿ ಆ ದೋಣಿಗಳು ಮತ್ತೆ ಕಂಡವು ಅಂದರೆ ರೆಸಿನ್ ಮುಗಿದ ಸೂಚನೆ ಇರಬಹುದು, ನಾನಂತೂ ಈಗ ಹಾಗೇ ನೋಡುತ್ತೇನೆ.

ಪಾಚಿ ತಿನ್ನಲಿ ಅಂತ ಬಂಡೆಗಳ ಮೇಲಿನ ನೆರೈಟ್ ಬಸವನಹುಳು ತರುವವರಿಗೆ: ಅವು ತಿನ್ನುತ್ತವೆ, ಆದರೆ ಅಲೆ ಬಡಿಯುವ ಜಾಗದವು, ರಾತ್ರಿ ಗಾಜು ಹತ್ತಿ ಹೊರಗೆ ಬರುತ್ತವೆ. ಬೆಳಿಗ್ಗೆ ಸೋಫಾ ಕೆಳಗೆ ಹುಡುಕಬೇಕು. ನೇತ್ರಾಣಿ ದ್ವೀಪದ ಕಡೆಯಿಂದ ಹವಳದ ಕಲ್ಲು ತಂದುಕೊಡುತ್ತೇನೆ ಅನ್ನುವವರು ಸಿಕ್ಕರೆ ದೂರ ಇರಿ. ಹವಳಗಳು 2001ರಿಂದ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಹುಲಿ ಇರುವ ಪಟ್ಟಿಯಲ್ಲೇ. ಒಣಕಲ್ಲು ಸಾಕು, ಅದರ ಜೊತೆ ಬರುವ ಪಾಚಿಯೂ ಕಡಿಮೆ.

ಆ ಒಂದು ಸ್ಟಾರ್ ಯಾಕೆ ಹೋಯಿತು ಅಂದರೆ, ಇದರ ಕಿಂಡಿ ತೀರಾ ಚಿಕ್ಕದು. ಸ್ಲೈಡಿನಲ್ಲಿ ಬೇಕಾದ ಜಾಗ ಹುಡುಕುವುದು ಎರಡು ಹೆಬ್ಬೆರಳಿನ ಕೆಲಸ, ಅದು ಅಭ್ಯಾಸ ಆಗುವವರೆಗೆ ಕಂಡ ಡೈನೋ ಕಣ್ಣಮುಂದೆಯೇ ಮಾಯ. ಫೋಕಸ್ ಕೂಡ ಕಾಗದವನ್ನು ಎಳೆದು ಮಾಡುವುದು, ಕೈ ನಡುಗಿದರೆ ಹೋಯಿತು. ಅಳತೆ ಗೆರೆ ಇಲ್ಲ. ಸಯನೋದ ತೀರಾ ಸಣ್ಣ ಜಾತಿಗಳ ಅಡ್ಡಗೆರೆ 140 ಪಟ್ಟಿನಲ್ಲಿ ಬಿಡಿಸಿ ಕಾಣುವುದಿಲ್ಲ, ಬರೀ ಎಳೆ ಕಾಣುತ್ತದೆ. ವಯಸ್ಸಾದವರಿಗೆ, ಕೈ ಸ್ಥಿರ ಇಲ್ಲದವರಿಗೆ ಇದು ಹೇಳಿದ್ದಲ್ಲ, ಅವರು ಹಳೆ ಕಾಲೇಜು ಮೈಕ್ರೋಸ್ಕೋಪ್ ಸೆಕೆಂಡ್ ಹ್ಯಾಂಡ್ ಸಿಗುತ್ತದಾ ನೋಡಲಿ.

ಇದೂ ಬೇಡ ಅನ್ನುವವರಿಗೆ ಒಂದು ಪುಕ್ಕಟೆ ಪರೀಕ್ಷೆ ಇದೆ. ಪದರವನ್ನು ಸ್ವಲ್ಪ ನೀರಿನ ಜೊತೆ ಬಾಟಲಿಗೆ ಹಾಕಿ ಚೆನ್ನಾಗಿ ಕುಲುಕಿ, ಕಾಫಿ ಫಿಲ್ಟರ್ ಪೇಪರಿನಲ್ಲಿ ಸೋಸಿ, ಸೋಸಿದ ನೀರನ್ನು ಬೆಳಕಿನಲ್ಲಿ ಇಡಿ. ಒಂದು ಗಂಟೆಯೊಳಗೆ ಮತ್ತೆ ಲೋಳೆ ಎಳೆಗಳಾಗಿ ಕೂಡಿಕೊಂಡರೆ ಡೈನೋ ಇರುವ ಸಾಧ್ಯತೆ ಜಾಸ್ತಿ. ಆದರೆ ಯಾವ ಡೈನೋ, ಯುವಿ ತರಬೇಕಾ ಬೇಡವಾ, ಇದು ಹೇಳುವುದಿಲ್ಲ. ಯುವಿ ಲ್ಯಾಂಪಿನ ಬೆಲೆ ನೋಡಿದರೆ ಫೋಲ್ಡ್‌ಸ್ಕೋಪ್ ಅಗ್ಗ.

ಕೊಳ್ಳುವಾಗ ಡಬ್ಬಿಯಲ್ಲಿ ಏನೇನಿದೆ ಅಂತ ಓದಿ. ಹತ್ತಾರು ಸಾಮಾನು ತುಂಬಿದ ದೊಡ್ಡ ಕಿಟ್ ಟ್ಯಾಂಕಿನವರಿಗೆ ಬೇಕಿಲ್ಲ, ಅದರ ಅರ್ಧ ಸಾಮಾನು ಹೂವು, ಹುಳ ಹಿಡಿಯೋಕೆ. ಮೈಕ್ರೋಸ್ಕೋಪ್, ಫೋನಿಗೆ ಅಂಟಿಸುವ ಮ್ಯಾಗ್ನೆಟ್, ಸಣ್ಣ ಎಲ್‌ಇಡಿ ಲೈಟ್, ಇಷ್ಟಿದ್ದರೆ ಸಾಕು. ಮೋಡ ಕವಿದ ಜುಲೈ ಮಧ್ಯಾಹ್ನಗಳಲ್ಲಿ ಕಿಟಕಿ ಬೆಳಕು ಸಾಲುವುದಿಲ್ಲ, ಹಾಗಾಗಿ ಎಲ್‌ಇಡಿ ಬಿಡಬೇಡಿ. ನೋಡಿದ ಮೇಲೆ ಲೆನ್ಸ್, ಮ್ಯಾಗ್ನೆಟ್ ಎರಡನ್ನೂ ಸಿಹಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಒಣಗಿಸಿ, ಅಕ್ಕಿ ಡಬ್ಬಿಯ ಪಕ್ಕ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ.